ಹೋಟೆಲ್ ಆದ ಜೈಲು, ತುಂಬಿ ತುಳುಕುವ ಜೈಲು

"ಬ್ರಿಟನ್ ತನ್ನ ಹಳೆ ಜೈಲುಗಳನ್ನು ಮುಚ್ಚಿ ಹೋಟೆಲ್ ಮಾಡುತ್ತಿದೆಯಂತೆ. ಅಲ್ಲಿ ಅಪರಾಧ ಅಷ್ಟು ಕಡಿಮೆಯಾಯಿತೇ?"
- ಒಬ್ಬ ಓದುಗರು, ದಾವಣಗೆರೆ

ಹೋಟೆಲ್ ಮಾತು ನಿಜ. ಆಕ್ಸ್‌ಫರ್ಡ್ ಜೈಲು 1996ರಲ್ಲಿ ಮುಚ್ಚಿತು. ಈಗ ಅದೇ ಸೆಲ್‌ಗಳಲ್ಲಿ ಜನ ದುಡ್ಡು ಕೊಟ್ಟು ಮಲಗುತ್ತಾರೆ! ಅಪರಾಧ ಕಡಿಮೆಯಾದದ್ದೂ ಸುಳ್ಳಲ್ಲ. ಕಳ್ಳತನ, ಹೊಡೆದಾಟ 1990ರ ದಶಕದ ಮಧ್ಯದಿಂದ ಇಳಿಯುತ್ತಾ ಬಂದಿವೆ ಅನ್ನುತ್ತವೆ ಅಲ್ಲಿನ ಸಮೀಕ್ಷೆಗಳು. ಆದರೆ ಕೈದಿಗಳು ಮಾತ್ರ ಆಗಿನದಕ್ಕಿಂತ ಬಹಳ ಜಾಸ್ತಿ. ಕೋರ್ಟುಗಳು ಕೊಡುವ ಶಿಕ್ಷೆ ಉದ್ದವಾಗುತ್ತಾ ಹೋಯಿತು, ಅದೇ ಕಾರಣ.

ಹಾಗಾದರೆ ಮುಚ್ಚಿದ್ದು ಯಾಕೆ? ಖರ್ಚು. 2013ರ ಜನವರಿಯಲ್ಲಿ ನ್ಯಾಯ ಸಚಿವ ಕ್ರಿಸ್ ಗ್ರೇಲಿಂಗ್ ಒಂದೇ ಸಲ ಏಳು ಜೈಲುಗಳನ್ನು ಮುಚ್ಚುವುದಾಗಿ ಹೇಳಿದರು. ಸಾಮರ್ಸೆಟ್‌ನ ಶೆಪ್ಟನ್ ಮ್ಯಾಲೆಟ್ ಅದರಲ್ಲಿ ಒಂದು. ಅದು 17ನೇ ಶತಮಾನದ್ದು, ಆಗ ನಡೆಯುತ್ತಿದ್ದ ಜೈಲುಗಳಲ್ಲೇ ಅತಿ ಹಳೆಯದು. ಎರಡನೇ ಮಹಾಯುದ್ಧದಲ್ಲಿ ಲಂಡನ್ನಿನ ಮೇಲೆ ಬಾಂಬ್ ಬೀಳುವ ಭಯಕ್ಕೆ, 1086ರ ಜಮೀನು ಲೆಕ್ಕದ ಡೂಮ್ಸ್‌ಡೇ ದಾಖಲೆಯನ್ನೂ ಅಲ್ಲಿಗೇ ಸಾಗಿಸಿ ಇಟ್ಟಿದ್ದರು. ಇಂಥ ಹಳೆ ಸಣ್ಣ ಜೈಲಿನಲ್ಲಿ ಇರುವವರು ಕಡಿಮೆ. ಆದರೂ ಗೇಟಿಗೆ, ಅಡುಗೆಗೆ, ರಾತ್ರಿ ಪಾಳಿಗೆ ಜನ ಬೇಕೇ ಬೇಕಲ್ಲ? ತಲೆಗೆ ಬೀಳುವ ಖರ್ಚು ದೊಡ್ಡದು. ಅದಕ್ಕೇ ಸರ್ಕಾರ ದೊಡ್ಡ ಜೈಲುಗಳ ಕಡೆ ವಾಲಿತು. 2017ರಲ್ಲಿ ವೇಲ್ಸ್‌ನಲ್ಲಿ ತೆರೆದ ಬರ್ವಿನ್ ಸುಮಾರು 2,100 ಜನರ ಜೈಲು.

ನನಗೆ ಒಪ್ಪಿಗೆಯಾಗದ್ದು ಲಂಡನ್ನಿನ ಹಾಲೋವೇ ಕಥೆ. ಮತದಾನದ ಹಕ್ಕಿಗೆ ಹೋರಾಡಿದ ಹೆಂಗಸರನ್ನು ಕೂಡಿಹಾಕಿದ್ದು ಅಲ್ಲೇ. 2016ರಲ್ಲಿ ಅದು ಮುಚ್ಚಿತು. ಜಾಗ ಮನೆ ಕಟ್ಟಲು ಮಾರಾಟವಾಯಿತು. ಕೈದಿಗಳು ಪಕ್ಕದ ಸರ್ರಿ ಜಿಲ್ಲೆಯ ಜೈಲುಗಳಿಗೆ ಹೋದರು. ಲಂಡನ್ನಿನಲ್ಲಿ ಹೆಂಗಸರ ಜೈಲೇ ಇಲ್ಲದಂತಾಯಿತು. ಅಮ್ಮನನ್ನು ನೋಡಲು ಮಕ್ಕಳು ಈಗ ಊರಾಚೆ ಹೋಗಬೇಕು.

ಇನ್ನೊಂದು ವಿಚಿತ್ರ ಕೇಳಿ. ನಿಜವಾಗಿ ಮುಚ್ಚಬೇಕಾದವು ಮುಚ್ಚಲೇ ಇಲ್ಲ. ಲಂಡನ್ನಿನ ಜೈಲುಗಳಾದ 1842ರ ಪೆಂಟನ್‌ವಿಲ್, 1851ರ ವಾಂಡ್ಸ್‌ವರ್ತ್ ಈಗಲೂ ನಡೆಯುತ್ತಿವೆ. ಒಬ್ಬನಿಗೆಂದು ಕಟ್ಟಿದ ಸೆಲ್‌ನಲ್ಲಿ ಇಬ್ಬರು. ಅಲ್ಲೇ ಊಟ, ಅಲ್ಲೇ ಶೌಚ. ಲಂಡನ್ ಕೋರ್ಟುಗಳಿಂದ ದಿನಾ ಬರುವವರನ್ನು ಇಡಲು ಬೇರೆ ಜಾಗ ಎಲ್ಲಿದೆ?

ಹೊಸದು ಸಿದ್ಧವಾಗುವ ಮೊದಲೇ ಹಳೆಯದನ್ನು ಕೈಬಿಟ್ಟದ್ದು ಅವಸರವಾಯಿತು ಅಂತಲೇ ನನ್ನ ಅಭಿಪ್ರಾಯ. 2024ರ ಬೇಸಿಗೆಯಲ್ಲಿ ಜೈಲುಗಳು ಪೂರ್ತಿ ತುಂಬುವ ಹಂತಕ್ಕೆ ಬಂದವು. ಅದೇ ಹೊತ್ತಿಗೆ ನೆಲದೊಳಗಿಂದ ಹೊಮ್ಮುವ, ವಿಕಿರಣ ಸೂಸುವ ರೇಡಾನ್ ಅನಿಲದ ಕಾಟಕ್ಕೆ ಡಾರ್ಟ್‌ಮೂರ್ ಜೈಲನ್ನೂ ಖಾಲಿ ಮಾಡಬೇಕಾಯಿತು. ಕೊನೆಗೆ ಸೆಪ್ಟೆಂಬರಿನಲ್ಲಿ ಸರ್ಕಾರ ಕೆಲವು ಬಗೆಯ ಕೈದಿಗಳನ್ನು ಎಂದಿನಂತೆ ಅರ್ಧ ಶಿಕ್ಷೆ ಮುಗಿದ ಮೇಲೆ ಬಿಡುವ ಬದಲು ಶೇಕಡ 40ರಷ್ಟು ಮುಗಿದ ಕೂಡಲೇ ಹೊರಗೆ ಬಿಡತೊಡಗಿತು.