ಕಂಪನಿಗಳ ನೋಂದಣಿ ಕಚೇರಿಗೆ ತನ್ನದೇ ಹಿರಿಯ ವಕೀಲರು ಏಕೆ ಬೇಕು?

ಅಲ್ಲಿನ ಪ್ರತಿ ನಮೂದೂ ಕಾನೂನಿನ ತೀರ್ಮಾನವೇ ಆಗಿರುವುದರಿಂದ. ನೋಂದಣಿಯನ್ನು ನಂಬಿ ಬ್ಯಾಂಕು ಸಾಲ ಕೊಡುತ್ತದೆ, ವ್ಯಾಪಾರಿ ಸರಕು ಕಳಿಸುತ್ತಾನೆ; ಒಂದು ಹೆಸರು ಅಳಿಸಿದರೆ ಪೆಟ್ಟು ಮೂರನೆಯವರಿಗೂ ಬೀಳುತ್ತದೆ. ಇಬ್ಬರು ನಿರ್ದೇಶಕರು ಜಗಳವಾಡಿ, ಮತ್ತೊಬ್ಬರನ್ನು ತೆಗೆದುಹಾಕಲಾಗಿದೆ ಎಂದು ಇಬ್ಬರೂ ಅರ್ಜಿ ಸಲ್ಲಿಸಿದರೆ? ರಿಜಿಸ್ಟ್ರಾರ್ ನ್ಯಾಯಾಧೀಶರಲ್ಲ, ಕಾಯಿದೆ ಕೊಟ್ಟಷ್ಟೇ ಅವರ ಅಧಿಕಾರ. ಆ ಗೆರೆ ಎಲ್ಲಿದೆಯೆಂದು ಹೇಳುವುದೇ ವಕೀಲರ ಮುಖ್ಯ ಕೆಲಸ. ಕೋರ್ಟಿನಲ್ಲಿ ಗುಡುಗುವ ಕನಸು ಕಂಡವರಿಗೆ ನಿರಾಸೆಯಾದೀತು.

ಗೆರೆ ಸರಿಯುವುದೂ ಉಂಟು. ಬ್ರಿಟನ್ನಿನಲ್ಲಿ, ಸಲ್ಲಿಕೆಯಾದದ್ದನ್ನು ಬಹುಮಟ್ಟಿಗೆ ಹಾಗೆಯೇ ದಾಖಲಿಸುತ್ತಿದ್ದ ಅಲ್ಲಿನ ನೋಂದಣಿ ಕಚೇರಿ ಕಂಪನೀಸ್ ಹೌಸ್‌ಗೆ 2024ರ ಮಾರ್ಚ್ 4ರಿಂದ ಅನುಮಾನಾಸ್ಪದ ಮಾಹಿತಿಯನ್ನು ಪ್ರಶ್ನಿಸುವ, ತಿರಸ್ಕರಿಸುವ ಅಧಿಕಾರ ಹೆಚ್ಚಿದೆ. ತಿರಸ್ಕರಿಸಿದ್ದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದಾದ್ದರಿಂದ, ತೊಡಕಿನ ಕಡತಗಳು ಮೊದಲು ವಕೀಲರ ಮೇಜಿಗೇ ಬರುತ್ತವೆ.