ಗೀಸರ್ ಲೈಟ್ ಉರಿಯುತ್ತೆ, ನೀರು ಮಾತ್ರ ಬಿಸಿ ಆಗಲ್ಲ, ಯಾಕೆ?

ಕೋಲಾರದಲ್ಲಿ ಮನೆ, ಬೋರ್‌ವೆಲ್ ನೀರು, 15 ಲೀಟರ್ ಗೀಸರ್, ಅರ್ಧ ಗಂಟೆ ಬಿಟ್ಟರೂ ನೀರು ಉಗುರುಬೆಚ್ಚಗೂ ಆಗಲ್ಲ ಅಂದಿದ್ದೀರಿ. ನೀರು ಕಾಯಿಸುವ 2 ಕಿಲೋವಾಟ್ ಕಾಯಿಲ್ ಚೆನ್ನಾಗಿದ್ದರೆ 20 ನಿಮಿಷದಲ್ಲಿ ನೀರು ಚೆನ್ನಾಗಿ ಕಾಯಬೇಕು. ಹಾಗಾಗಿ ನನ್ನ ಅನುಮಾನ ಕಾಯಿಲ್ ಮೇಲೇ.

ನಮ್ಮ ಕಡೆ ಬೋರ್ ನೀರು ಗಡಸು, ಗೊತ್ತಲ್ವಾ. ಕಾದಾಗ ಅದರ ಸುಣ್ಣ ಕಾಯಿಲ್‌ಗೆ ಅಂಟಿಕೊಳ್ಳುತ್ತೆ. ನಮ್ಮ ಮನೆ ಗೀಸರ್ ಬಿಚ್ಚಿಸಿದಾಗ ಕಾಯಿಲ್ ಕಾಣಲೇ ಇಲ್ಲ. ಸುತ್ತ ಬೆಳ್ಳಗೆ ದಪ್ಪ ಪದರ, ತಟ್ಟಿದರೆ ಮೊಟ್ಟೆ ಚಿಪ್ಪಿನ ಹಾಗೆ ಉದುರುತ್ತಿತ್ತು. ಆ ಪದರ ಶಾಖವನ್ನು ನೀರಿಗೆ ದಾಟಲು ಬಿಡಲ್ಲ. ಕಾಯಿಲ್ ತಾನೇ ಜಾಸ್ತಿ ಕಾದು ಸುಟ್ಟುಹೋಗುತ್ತೆ. ಕೆಲವು ತಿಂಗಳಿಂದ ನೀರು ನಿಧಾನವಾಗಿ ಕಾಯುತ್ತಿತ್ತಾ? ಒಳಗೆ ಚಟಪಟ ಸದ್ದು ಬರುತ್ತಿತ್ತಾ? ಹಾಗಿದ್ದರೆ ಬಹುತೇಕ ಇದೇ.

ಆದರೆ ಸುಮ್ನೆ ದುಡ್ಡು ಖರ್ಚು ಮಾಡುವ ಮುಂಚೆ ಒಂದು ಪರೀಕ್ಷೆ ಮಾಡಿ. ಸ್ವಿಚ್ ಆಫ್ ಮಾಡಿ, ಗೀಸರ್‌ಗೆ ನೀರು ಬರುವ ವಾಲ್ವ್ ಮುಚ್ಚಿ, ಬಿಸಿನೀರಿನ ನಲ್ಲಿ ತಿರುಗಿಸಿ. ಸ್ವಲ್ಪ ಹೊತ್ತಿನ ಮೇಲೂ ನೀರು ಧಾರಾಳವಾಗಿ ಬರುತ್ತಲೇ ಇದ್ದರೆ ಬಿಸಿನೀರು, ತಣ್ಣೀರು ಸೇರುವ ಮಿಕ್ಸರ್ ನಲ್ಲಿಯ ಒಳಗೆ ತಣ್ಣೀರು ಬೆರೆಯುತ್ತಿದೆ. ಆಗ ಪ್ಲಂಬರ್ ಸಾಕು. ಪರೀಕ್ಷೆ ಮುಗಿದ ಮೇಲೆ ವಾಲ್ವ್ ತೆರೆದು, ನಲ್ಲಿಯಲ್ಲಿ ನೀರು ಬಂದ ನಂತರವೇ ಸ್ವಿಚ್ ಹಾಕಿ.

ಕರೆಂಟ್ ಇದೆ ಅನ್ನಲು ಒಂದು, ನೀರು ಕಾಯುತ್ತಿದೆ ಅನ್ನಲು ಇನ್ನೊಂದು, ಹೀಗೆ ಎರಡು ಲೈಟ್ ಇರುವ ಗೀಸರ್‌ನಲ್ಲಿ ನೀರು ತಣ್ಣಗಿದ್ದರೂ ಆ ಎರಡನೇ ಲೈಟ್ ಬರದಿದ್ದರೆ ಥರ್ಮೋಸ್ಟಾಟ್ (ಬಿಸಿ ನೋಡಿ ಕಾಯಿಲ್ ಆನ್-ಆಫ್ ಮಾಡುವ ಭಾಗ) ಅಥವಾ ಕಟ್‌ಔಟ್ (ಬಿಸಿ ಮಿತಿಮೀರಿದರೆ ಕರೆಂಟ್ ಕಡಿಯುವ ಭಾಗ) ನೋಡಿಸಿ.

ದಯವಿಟ್ಟು ಮುಚ್ಚಳ ನೀವೇ ಬಿಚ್ಚಬೇಡಿ. ಎಲೆಕ್ಟ್ರಿಷಿಯನ್ ಬಂದಾಗ ಅರ್ಥಿಂಗ್ ಕೂಡ ನೋಡಲು ಹೇಳಿ. ಒಡೆದ ಕಾಯಿಲ್‌ನಿಂದ ನೀರಿಗೆ ಕರೆಂಟ್ ಬರಬಹುದು.