ಶಾಕ್ ಅಬ್ಸಾರ್ಬರ್ ಸ್ಪ್ರಿಂಗ್ ಹಾರಿದ್ದು ಯಾಕೆ?

ಚನ್ನಗಿರಿಯ ಅಣ್ಣ, ಪೆಟ್ಟಾಗಲಿಲ್ಲವಲ್ಲ, ಅಷ್ಟು ಸಾಕು. ಬೈಕಿನ ಹಿಂದಿನ ಶಾಕ್ ಅಬ್ಸಾರ್ಬರ್ ಬಿಚ್ಚುವಾಗ ಸ್ಪ್ರಿಂಗ್ ಹಾರಿ ಅಡಿಕೆ ರಾಶಿಗೆ ಬಿತ್ತು, ತನ್ನ ಉದ್ದಕ್ಕೆ ಬಂದ ಮೇಲೆ ಅಲ್ಲೇ ನಿಲ್ಲಬೇಕಿತ್ತಲ್ವಾ ಎಂದು ಕೇಳಿದ್ದೀರಿ.

ನಿಲ್ಲುವುದಿಲ್ಲ. ಒತ್ತಿ ಹಿಡಿದಾಗ ಬಲ ಜಾಸ್ತಿ, ವೇಗ ಸೊನ್ನೆ. ಬಿಟ್ಟ ಮೇಲೆ ಬಲ ಇಳಿಯುತ್ತದೆ, ವೇಗ ಏರುತ್ತದೆ. ಮೂಲ ಉದ್ದ ಮುಟ್ಟುವಾಗ ತಳ್ಳುವ ಬಲ ಮುಗಿದಿರುತ್ತದೆ, ವೇಗ ಮಾತ್ರ ತುದಿಗೇರಿರುತ್ತದೆ. ಜೋಕಾಲಿ ಕೆಳಗೆ ಬಂದ ಕೂಡಲೇ ನಿಲ್ಲುತ್ತದೆಯೇ? ಬುಡ ಬಿಗಿದಿದ್ದರೆ ಸ್ಪ್ರಿಂಗ್ ಹಿಗ್ಗಿ ಕುಗ್ಗಿ ಒದ್ದಾಡಿ ಸುಮ್ಮನಾಗುತ್ತದೆ. ಬಿಗಿದಿಲ್ಲದಿದ್ದರೆ ನೆಲವನ್ನೇ ಒದ್ದು ಹಾರುತ್ತದೆ.

ಲೆಕ್ಕ ನೋಡಿ. 1 ಮಿ.ಮೀ. ಒತ್ತಲು 2 ಕೆ.ಜಿ. ಭಾರ ಬೇಕಾದ ಸ್ಪ್ರಿಂಗ್ ಎಂದಿಟ್ಟುಕೊಳ್ಳಿ. 30 ಮಿ.ಮೀ. ಒತ್ತಲು 60 ಕೆ.ಜಿ. ಭಾರ ಬೇಕು. ಆಗ ಸ್ಪ್ರಿಂಗಿನೊಳಗೆ ಕೂತ ಶಕ್ತಿ, ಒಂದು ಕೆ.ಜಿ. ತೂಕದ ತೆಂಗಿನಕಾಯಿ 3 ಅಡಿಯಿಂದ ಬಿದ್ದಷ್ಟು. 60 ಮಿ.ಮೀ. ಒತ್ತಿದರೆ ಭಾರ ಎರಡರಷ್ಟು, ಶಕ್ತಿ ಮಾತ್ರ ನಾಲ್ಕರಷ್ಟು: ಅದೇ ಕಾಯಿ 12 ಅಡಿಯಿಂದ! ತಲೆ ಕೊಡ್ತೀರಾ?

ಇನ್ನೊಂದು ವಿಷಯ. ಅಗಲಕ್ಕಿಂತ ಉದ್ದ ನಾಲ್ಕು ಪಟ್ಟು ಮೀರಿದ ಸ್ಪ್ರಿಂಗ್ ಒತ್ತಿದಾಗ ಬಿಲ್ಲಿನಂತೆ ಬಾಗಬಹುದು. ಒಳಗಿನ ರಾಡ್ ಅದನ್ನು ನೆಟ್ಟಗೆ ಹಿಡಿದಿರುತ್ತದೆ. ರಾಡ್ ತಪ್ಪಿದರೆ ಯಾವ ಪಕ್ಕಕ್ಕೆ ಚಿಮ್ಮುತ್ತದೋ ಹೇಳಲಾಗದು. ದಾವಣಗೆರೆಯ ನಮ್ಮ ಶೆಡ್ಡಿನ ಶೀಟಿನಲ್ಲಿ ಇನ್ನೂ ಒಂದು ನೆಗ್ಗು ಇದೆ. ಅದು ನನ್ನ ಆತುರದ ಗುರುತು.

ಬಿಚ್ಚಲು ಸ್ಪ್ರಿಂಗ್ ಕಂಪ್ರೆಸರ್, ಅಂದರೆ ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸಾಧನ, ತನ್ನಿ. ಅದರ ಎರಡೂ ಬದಿಯ ಕೊಕ್ಕೆ ಎದುರುಬದುರಾಗಿ ಕೂರಿಸಿ, ಎರಡೂ ನಟ್ಟನ್ನು ಸರದಿಯಂತೆ ಅರ್ಧರ್ಧ ಸುತ್ತು ಬಿಗಿಯಿರಿ. ಸ್ಪ್ರಿಂಗ್ ಸಡಿಲವಾಗಿ ಅಲ್ಲಾಡಿದ ಮೇಲೇ ಅದನ್ನು ಹಿಡಿದಿರುವ ಲಾಕ್ ತೆಗೆಯಿರಿ. ಬಿಡುವಾಗಲೂ ಅಷ್ಟೇ ನಿಧಾನ. ಮೇಲೆ ದಪ್ಪ ಗೋಣಿಚೀಲ ಹೊದಿಸಿ, ತುದಿಯ ನೇರಕ್ಕೆ ಮುಖ ಇಡಬೇಡಿ. ಹಗ್ಗ, ತಂತಿ ನಂಬಬೇಡಿ.

ಹೊರಗೆ ಬಂದ ಮೇಲೆ ಎರಡೂ ಬದಿಯ ಸ್ಪ್ರಿಂಗಿನ ಉದ್ದ ಹೋಲಿಸಿ. ಒಂದು ಗಿಡ್ಡವಾಗಿದ್ದರೆ ಕುಸಿದಿದೆ, ಜೋಡಿಯನ್ನೇ ಬದಲಿಸಿ. ಒಂದು ಸುತ್ತು ಕತ್ತರಿಸಿದರೆ ಮೆತ್ತಗಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ಅದು ಉಲ್ಟಾ. ಸುತ್ತು ಕಡಿಮೆಯಾದರೆ ಸ್ಪ್ರಿಂಗ್ ಇನ್ನೂ ಗಟ್ಟಿಯಾಗುತ್ತದೆ.